ವರ್ಷಕ್ಕೊಮ್ಮೆ ಕಿರುಚುತ್ತಿದ್ದ ಅರಕ್ಸಿ

ಬರ್ಬ್ಯಾಂಕಿನ ನಮ್ಮ ಸ್ಟುಡಿಯೋಕ್ಕೆ ಹಾಲೋವೀನ್ ಬರುವುದು ಫೆಬ್ರವರಿಯಲ್ಲಿ. ಊರಿನ ಅಂಗಡಿಗಳೆಲ್ಲ ಪ್ರೇಮಿಗಳ ದಿನಕ್ಕೆಂದು ಕೆಂಪು ಹೃದಯಗಳನ್ನು ತೂಗುಹಾಕಿಕೊಂಡಿರುವಾಗ ನಾವು ಮಾಟಗಾತಿಯರು, ಗೋರಿಯಿಂದ ಎದ್ದ ಹೆಣಗಳು, ಕೊಂಬಿರುವ ಹಲ್ಲುವೈದ್ಯರು ಇವರ ನಡುವೆ ಓಡಾಡಿಕೊಂಡಿರುತ್ತೇವೆ. ಕಾರ್ಟೂನಿನ ಕೆಲಸವೇ ಹಾಗೆ. ಅಕ್ಟೋಬರ್ ಕೊನೆಗೆ ಜನ ಸೋಫಾದಲ್ಲಿ ಕಾಲು ಚಾಚಿ ಅರ್ಧ ಗಂಟೆಯಲ್ಲಿ ನೋಡಿ ಮುಗಿಸುವ ಕಂತಿಗೆ ಮಾತು ಮುದ್ರಿಸಬೇಕು, ಚಿತ್ರ ಬರೆಯಬೇಕು, ಬಣ್ಣ ತುಂಬಬೇಕು, ಸದ್ದು ಸಂಗೀತ ಕೂಡಿಸಬೇಕು. ಅಷ್ಟಾಗುವಾಗ ಮುಕ್ಕಾಲು ವರ್ಷ ಉರುಳಿರುತ್ತದೆ.

ನಾನು ಎಫ್ರೈನ್ ಒಲಿವಾಸ್. ಕೂಲಿಕಾರರ ಬಡಾವಣೆ ಪಕೋಯ್ಮಾದಲ್ಲಿ ಹುಟ್ಟಿದವನು, ಸದ್ದಿನ ವಿಭಾಗದಲ್ಲಿ ಕೂದಲು ಬೆಳ್ಳಗೆ ಮಾಡಿಕೊಂಡವನು. 'ಪ್ಲಂಕೆಟ್ಸ್' ಎಂಬ ಕಾರ್ಟೂನ್ ಧಾರಾವಾಹಿ ಶುರುವಾದಾಗ ನಾನು ಮೈಕು ಹಿಡಿಯುವವನಾಗಿದ್ದೆ, ಈಗಲೂ ಅದು ನಡೆಯುತ್ತಿದೆ, ನಾನೂ ಇದ್ದೇನೆ. ಹಾಸಿಗೆ ಮಾರುವ ಅಪ್ಪ, ಶಾಲೆಯ ಬಸ್ಸು ಓಡಿಸುವ ಅಮ್ಮ ಡಾಟಿ, ಒಬ್ಬರನ್ನೊಬ್ಬರು ಸಹಿಸದ ಅವಳಿ ಮಕ್ಕಳು, ಇಷ್ಟೇ ಪ್ಲಂಕೆಟ್ ಕುಟುಂಬ. ವರ್ಷವಿಡೀ ಆ ಮನೆಯಲ್ಲಿ ಯಾರಿಗೂ ನೆಗಡಿಗಿಂತ ದೊಡ್ಡದೇನೂ ಆಗುವುದಿಲ್ಲ. ಹಾಲೋವೀನಿನ ವಿಶೇಷ ಕಂತಿನಲ್ಲಿ ಮಾತ್ರ ಕಟ್ಟುಪಾಡು ಇಲ್ಲ. ಡಾಟಿ ಏನನ್ನೋ ಹುಡುಕಿಕೊಂಡು ನೆಲಮಾಳಿಗೆಗೆ ಇಳಿಯುತ್ತಾಳೆ, ಅಲ್ಲಿ ಪ್ರತಿ ವರ್ಷ ಬೇರೆ ಬೇರೆ ಭೂತ ಕಾದಿರುತ್ತದೆ. ಅಪ್ಪನ ತಲೆ ಉರುಳಬಹುದು, ಮಕ್ಕಳನ್ನು ಕುಂಬಳಕಾಯಿ ನುಂಗಬಹುದು, ಇಡೀ ಬೀದಿಯೇ ಪಾತಾಳಕ್ಕೆ ಕುಸಿಯಬಹುದು. ಮುಂದಿನ ವಾರ ಎಲ್ಲರೂ ಮೇಜಿನ ಸುತ್ತ ಕುಳಿತು ಏನೂ ಆಗದವರಂತೆ ತಿಂಡಿ ತಿನ್ನುತ್ತಿರುತ್ತಾರೆ. ನೋಡುವವರು ಅದಕ್ಕಾಗಿಯೇ ಕಾಯುತ್ತಾರೆ.

ನೆಲಮಾಳಿಗೆಗೆ ಇಳಿದ ಡಾಟಿ ಕಿರುಚಲೇಬೇಕು. ಅವಳಿಗೆ ಮಾತು ಕೊಡುವ ನಟಿ ಮಾತ್ರ ಕಿರುಚುವುದಿಲ್ಲ. ಗಂಟಲು ಕೆಟ್ಟರೆ ಉಳಿದ ಕಂತುಗಳ ಗತಿಯೇನು ಎಂದು ಆಕೆ ಮೊದಲೇ ಹೇಳಿಬಿಟ್ಟಿದ್ದಳು. ಹಾಗಾಗಿ ಕಿರುಚುವುದಕ್ಕೆಂದೇ ಒಬ್ಬಳನ್ನು ಹೊರಗಿನಿಂದ ಕರೆಸುತ್ತಿದ್ದೆವು. ಒಂದು ವರ್ಷ ಅವಳೇ ಶೀತ ಹಿಡಿದು ಮಲಗಿದಳು. ಮಾತು ಮುದ್ರಿಸುವ ದಿನ ಬಂದಿತ್ತು. ನಿರ್ದೇಶಕ ವಿನ್ಸ್ ಡೆಲ್‌ಮೋನಿಕೋ ಗಾಜಿನ ಆಚೆ ನಿಂತು ಅಂಗೈಯಿಂದ ಹಣೆ ಬಡಿದುಕೊಳ್ಳುತ್ತಿದ್ದ.

"ಅಲ್ರಯ್ಯಾ, ಈ ಕಟ್ಟಡದಲ್ಲಿ ಇಷ್ಟೊಂದು ಜನ ಇದೀರ. ದಿನಾ ಬೆಳಗಾದ್ರೆ ನನ್ನ ಮೇಲೆ ಕಿರುಚ್ತೀರ. ಇವತ್ತು ಕೇಳಿದ್ರೆ ಒಬ್ಬರಿಗೂ ಬರಲ್ವಾ?"

ಬರಲಿಲ್ಲ. ಕಥೆ ಬರೆಯುವ ಕೋರಿನ್ ಮೈಕಿನ ಮುಂದೆ ನಿಂತು ಕಿರುಚಿದಾಗ ಬಸ್ಸು ತಪ್ಪಿಸಿಕೊಂಡವಳು ಕೂಗಿದಂತೆ ಕೇಳಿಸಿತು. ನಾನು ಪ್ರಯತ್ನಿಸಿದೆ. ವಿನ್ಸ್ ನನ್ನನ್ನು ಕರುಣೆಯಿಂದ ನೋಡಿ, "ನಿನಗೆ ಹೊಟ್ಟೆನೋವಾ?" ಎಂದ. ಎಲ್ಲರಿಗೂ ಕಿರುಚುವುದಕ್ಕಿಂತ ಮೊದಲು ನಗು ಬರುತ್ತಿತ್ತು, ಆ ನಗು ಕೂಗಿನೊಳಗೆ ಕೇಳಿಸಿಬಿಡುತ್ತಿತ್ತು.

ಆ ಹೊತ್ತಿಗೆ ಅರಕ್ಸಿ ತೆರ್ಜ್ಯಾನ್ ಬಾಗಿಲಲ್ಲಿ ಕಾಣಿಸಿಕೊಂಡರು. ಬಣ್ಣದ ವಿಭಾಗದವರು. ಪಾರದರ್ಶಕ ಹಾಳೆಗಳ ಮೇಲೆ ಕೈಯಿಂದಲೇ ಬಣ್ಣ ತುಂಬುತ್ತಿದ್ದ ಕಾಲ ಅದು. ಬಿಳಿ ಹತ್ತಿಯ ಕೈಗವಸು ತೊಟ್ಟು, ತಲೆ ತಗ್ಗಿಸಿ, ದಿನವಿಡೀ ಒಂದು ಮಾತಿಲ್ಲದೆ ಕುಳಿತಿರುತ್ತಿದ್ದರು. ಅವರು ನಡೆದರೆ ಸದ್ದಾಗುತ್ತಿರಲಿಲ್ಲ, ಕುರ್ಚಿ ಎಳೆದರೂ ಸದ್ದಾಗುತ್ತಿರಲಿಲ್ಲ. ಅವರ ದನಿ ಹೇಗಿದೆ ಎಂದು ಕೇಳಿದ್ದರೆ ನನಗೆ ಹೇಳಲು ಗೊತ್ತಾಗುತ್ತಿರಲಿಲ್ಲ.

"ವಿನ್ಸ್, ಮಾಟಗಾತಿ ಕೈ ಹಸಿರು ಅಂದ್ರಿ. ಉಗುರೂ ಹಸಿರು ಅಂದ್ರಿ. ಹಸಿರ ಮೇಲೆ ಹಸಿರು ಕಾಣ್ಸಲ್ಲ. ನೇರಳೆ ಹಾಕ್ಲಾ?"

"ಅದು ಆಮೇಲೆ. ಈಗ ಒಂದ್ಸಲ ಕಿರುಚಿ ನೋಡೋಣ."

"ಯಾರ ಮೇಲೆ?"

"ಯಾರ ಮೇಲೂ ಅಲ್ಲ, ಸುಮ್ನೆ."

"ಸುಮ್ನೆ ಯಾರಾದ್ರೂ ಕಿರುಚ್ತಾರಾ?" ಎಂದು ಅರಕ್ಸಿ ನನ್ನ ಮುಖ ನೋಡಿದರು. ತಮಾಷೆ ಮಾಡುತ್ತಿದ್ದೇವೇನೋ ಎಂಬ ಅನುಮಾನ.

ನಾನು ಹೇಳಿದೆ, "ತಮಾಷೆ ಅಲ್ಲ ಅರಕ್ಸಿ. ಡಾಟಿಗೆ ಒಂದು ಕೂಗು ಬೇಕು. ನಮ್ಮ ಯಾರ ಕೈಲೂ ಆಗ್ತಿಲ್ಲ."

ಅವರು ಮೈಕಿನ ಕೋಣೆಯನ್ನೂ, ಗೋಡೆಗೆ ಹೊಡೆದಿದ್ದ ಮೆತ್ತೆಗಳನ್ನೂ, ದಪ್ಪನೆಯ ಬಾಗಿಲನ್ನೂ ಒಂದೊಂದಾಗಿ ನೋಡಿದರು. "ಈ ಬಾಗಿಲು ಪೂರ್ತಿ ಮುಚ್ಕೊಳತ್ತಾ? ಹೊರಗೆ ಯಾರಿಗೂ ಕೇಳ್ಸಲ್ವಾ?"

"ಒಂದು ಚೂರೂ ಕೇಳ್ಸಲ್ಲ."

ಅರಕ್ಸಿ ಒಳಗೆ ಹೋದರು. ಕೈಗವಸು ಬಿಚ್ಚಿ ಮಡಚಿ ಜೇಬಿಗೆ ಹಾಕಿದರು. ನಮಗೆ ಬೆನ್ನು ಮಾಡಿ ನಿಂತರು. ವಿನ್ಸ್ ಬೇಡ ಬಿಡಿ ಎನ್ನಲು ಬಾಯಿ ತೆರೆಯುತ್ತಿದ್ದ. ಅಷ್ಟರಲ್ಲಿ ಆ ಕೂಗು ಬಂತು.

ಅದನ್ನು ಹೇಗೆ ಹೇಳಲಿ? ಮೊದಲು ಅದು ಕೂಗೇ ಆಗಿರಲಿಲ್ಲ, ಭಾರವಾದದ್ದನ್ನು ಯಾರೋ ನೆಲದಿಂದ ಎತ್ತುವಾಗ ಬರುವ ಉಸಿರಿನಂತೆ ಇತ್ತು. ಆಮೇಲೆ ಅದು ಏರಿತು, ಇನ್ನು ಏರಲಾರದು ಅನ್ನಿಸಿದ ಮೇಲೂ ಏರಿತು. ನನ್ನ ಮುಂದಿದ್ದ ಸದ್ದಿನ ಮಾಪಕದ ಮುಳ್ಳು ಕೆಂಪು ಗೆರೆ ದಾಟಿ ಆಚೆಗೆ ಬಡಿದು ಅಲ್ಲೇ ನಡುಗುತ್ತಾ ನಿಂತಿತು. ಕೋರಿನ್ ನನ್ನ ತೋಳು ಹಿಡಿದುಕೊಂಡಿದ್ದಳು. ಅವಳ ಉಗುರಿನ ಗುರುತು ಸಂಜೆಯವರೆಗೂ ಇತ್ತು.

ಹೊರಗೆ ಕೇಳಿಸುವುದಿಲ್ಲ ಎಂದಿದ್ದೆನಲ್ಲ, ಅದು ಸುಳ್ಳಾಯಿತು. ಹೊರಬಾಗಿಲಿನ ಸಂದಿಯಲ್ಲಿ ಯಾರೋ ತಂತಿ ಎಳೆದು ಬಿಟ್ಟಿದ್ದರು, ಬಾಗಿಲು ಮುಚ್ಚಿಯೇ ಇರಲಿಲ್ಲ. ಮೆಟ್ಟಿಲು ದಡಬಡ ಎಂದಿತು. ಲೆಕ್ಕದ ವಿಭಾಗದವರು ಓಡಿಬಂದರು. ಕ್ಯಾಂಟೀನಿನ ಹೆಂಗಸು ಸೌಟು ಹಿಡಿದೇ ಬಂದಳು. ಕಾವಲುಗಾರ ಬೆಂಕಿ ಆರಿಸುವ ಕೆಂಪು ಸಿಲಿಂಡರನ್ನು ಎದೆಗವಚಿಕೊಂಡು, "ಎಲ್ಲಿ? ಯಾರಿಗೆ? ಏನಾಯ್ತು?" ಎನ್ನುತ್ತಾ ನುಗ್ಗಿದ.

ಅರಕ್ಸಿ ತಿರುಗಿ ನೋಡಿದರು. ಗಾಜಿನಾಚೆ ತುಂಬಿದ್ದ ಮುಖಗಳನ್ನೆಲ್ಲ ನೋಡುತ್ತಾ ನಿಂತರು. ಅವರ ಕಣ್ಣಲ್ಲಿ ನೀರಿತ್ತು.

"ಇಷ್ಟು ಜನ ಬಂದ್ರಾ?" ಎಂದರು. ಮೈಕು ತೆರೆದೇ ಇದ್ದುದರಿಂದ ನಮಗೆಲ್ಲ ಕೇಳಿಸಿತು.

ಆಮೇಲೆ ಕೈಗವಸು ತೊಟ್ಟುಕೊಂಡು ಹೊರಗೆ ಬಂದು ವಿನ್ಸನ ಮುಂದೆ ನಿಂತು, "ಹಾಗಾದ್ರೆ ನೇರಳೆ ತಾನೇ?" ಎಂದರು. ಮಾಟಗಾತಿಯ ಮೈಯೆಲ್ಲ ನೇರಳೆ ಮಾಡುತ್ತೇನೆಂದಿದ್ದರೂ ವಿನ್ಸ್ ತಲೆಯಾಡಿಸುವ ಸ್ಥಿತಿಯಲ್ಲಿದ್ದ.

ಅಂದಿನಿಂದ ಡಾಟಿಯ ಕೂಗು ಅರಕ್ಸಿಯದೇ ಆಯಿತು. ಪ್ರತಿ ಫೆಬ್ರವರಿಯಲ್ಲಿ ಒಂದು ದಿನ ಬಂದು, ಕೈಗವಸು ಬಿಚ್ಚಿ, ಬೆನ್ನು ಮಾಡಿ ನಿಂತು ಕಿರುಚಿ ಹೋಗುತ್ತಿದ್ದರು. ಭೂತಕ್ಕೊಂದು ಕೂಗು, ಇಲಿಗೊಂದು ಕೂಗು, ಗಂಡನ ಉರುಳಿದ ತಲೆ ಮಾತಾಡಿದಾಗ ಇನ್ನೊಂದು ಕೂಗು. ಯಾವುದೂ ಇನ್ನೊಂದರಂತೆ ಇರುತ್ತಿರಲಿಲ್ಲ. ಬಣ್ಣದ ಕೆಲಸ ಕಂಪ್ಯೂಟರಿಗೆ ಹೋಯಿತು, ಅರಕ್ಸಿ ಅದನ್ನೂ ಕಲಿತರು, ಕುಂಚದ ಮೇಜುಗಳು ಕಾಣೆಯಾದವು. ಫೆಬ್ರವರಿಯ ಆ ದಿನ ಮಾತ್ರ ಬದಲಾಗಲಿಲ್ಲ. ಹೊಸಬರು ಸೇರಿದರೆ ನಾವೇ ಎಚ್ಚರಿಸುತ್ತಿದ್ದೆವು: "ಇವತ್ತು ಹನ್ನೊಂದು ಗಂಟೆಗೆ ಕಾಫಿ ಕೈಲಿ ಹಿಡ್ಕೋಬೇಡಿ."

ಅವರ ಗಂಡ ಹಗೋಪ್ ಪಕ್ಕದೂರು ಗ್ಲೆಂಡೇಲಿನಲ್ಲಿ ಚಪ್ಪಲಿ, ಬೂಟು ರಿಪೇರಿ ಮಾಡುವ ಅಂಗಡಿ ಇಟ್ಟಿದ್ದರು. ಹೆಂಡತಿ ಎಷ್ಟು ಮೌನಿಯೋ ಆತ ಅಷ್ಟೇ ವಾಚಾಳಿ. ಹಾಲೋವೀನ್ ಕಂತು ಬಂದ ಮರುದಿನ ಅಂಗಡಿಗೆ ಬಂದವರನ್ನೆಲ್ಲ, "ನಿನ್ನೆ ಸಂಜೆ ನನ್ನ ಹೆಂಡ್ತಿ ಕಿರುಚಿದ್ದು ಕೇಳಿಸ್ತಾ?" ಎಂದು ಕೇಳುತ್ತಿದ್ದರು. ಗೊತ್ತಿದ್ದವರು ನಗುತ್ತಿದ್ದರು. ಒಮ್ಮೆ ಗೊತ್ತಿಲ್ಲದ ಹೆಂಗಸೊಬ್ಬಳು ಬೂಟು ಅಲ್ಲೇ ಬಿಟ್ಟು ಹೋಗಿ ಪೊಲೀಸರನ್ನು ಕರೆತಂದಳಂತೆ. ಬಂದ ಪೊಲೀಸನಿಗೆ ಹಗೋಪ್ ಕಾಫಿ ಕುಡಿಸಿ, ಕಂತನ್ನು ಮತ್ತೆ ಹಾಕಿ ತೋರಿಸಿ, ಅವನ ಬೂಟಿಗೂ ಪಾಲಿಶ್ ಮಾಡಿ ಕಳಿಸಿದರು.

ಇದನ್ನು ನನಗೆ ಹೇಳಿದವಳು ಅವರ ಮಗಳು ನೈರಿ. "ಮನೇಲಿ ನಾನು ಬಾಗಿಲು ಜೋರಾಗಿ ಹಾಕಿದ್ರೆ ಅಮ್ಮ ತುಟಿ ಮೇಲೆ ಬೆರಳಿಡ್ತಾಳೆ. ಟೀವಿಲಿ ನೋಡಿದ್ರೆ ಇಡೀ ದೇಶ ಎದ್ದು ಕೂರೋ ಹಾಗೆ ಕಿರುಚ್ತಾಳೆ. ಇದ್ಯಾವ ನ್ಯಾಯ ಎಫ್ರೈನ್?" ಎಂದು ನಗುತ್ತಿದ್ದಳು.

ಆ ಬೆರಳಿನ ವಿಷಯ ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ, ವಾಹನ ನಿಲ್ಲಿಸುವ ಜಾಗದ ಪಕ್ಕದ ಮರದ ಬೆಂಚಿನಲ್ಲಿ. ನಾವಿಬ್ಬರೂ ಊಟದ ಹೊತ್ತಿಗೆ ಅಲ್ಲಿ ಕೂರುತ್ತಿದ್ದೆವು. ಅವರ ಡಬ್ಬಿಯಲ್ಲಿ ದ್ರಾಕ್ಷಿ ಎಲೆಯಲ್ಲಿ ಸುತ್ತಿದ ಅನ್ನ, ನನ್ನದರಲ್ಲಿ ನನ್ನ ತಾಯಿ ಜೋಳದ ಸಿಪ್ಪೆಯಲ್ಲಿ ಸುತ್ತಿ ಬೇಯಿಸಿದ ತಮಾಲೆ. ಅರ್ಧರ್ಧ ಹಂಚಿಕೊಳ್ಳುತ್ತಿದ್ದೆವು. ಆ ದಿನ ಅವರೇ ಮಾತು ತೆಗೆದರು.

"ನಾವು ಬೈರೂತಿನವರು ಅಂತ ಗೊತ್ತಲ್ಲ ನಿನಗೆ. ಯುದ್ಧ ಶುರುವಾದಾಗ ನೈರಿ ಎಳೇ ಕೂಸು. ಇಡೀ ಕಟ್ಟಡದವರು ನೆಲಮಾಳಿಗೆಲಿ ಇರ್ತಿದ್ವಿ. ಮೇಲೆ ಯಾರೋ ಓಡಾಡೋ ಸದ್ದು. ನಮ್ಮವರೋ, ಬೇರೆಯವರೋ ಗೊತ್ತಾಗಲ್ಲ. ಅದಕ್ಕೆ ಯಾರೂ ಉಸಿರೆತ್ತೋ ಹಾಗಿಲ್ಲ. ಕೂಸು ಅತ್ರೆ ನಾನು ಅದರ ಬಾಯಿ ಮುಚ್ತಿದ್ದೆ. ಎಷ್ಟು ಗಟ್ಟಿ ಮುಚ್ಚಬೇಕು ಅಂತ ಗೊತ್ತಾಗ್ತಿರಲಿಲ್ಲ, ಎಫ್ರೈನ್. ಅದೇ ದೊಡ್ಡ ಭಯ."

ಅವರು ಎಲೆಯ ಸುರುಳಿಯೊಂದನ್ನು ನನ್ನ ಡಬ್ಬಿಗೆ ಹಾಕಿದರು.

"ನನ್ನ ತಮ್ಮ ವಾಹೆ ನೀರು ತರ್ತೀನಿ ಅಂತ ಹೋದ, ಬರಲಿಲ್ಲ. ಯಾರೋ ಬಂದು ಹೇಳಿದ್ರು. ಆಗಲೂ ನಾವು ಕಿರುಚಲಿಲ್ಲ. ಅಮ್ಮ ಏಪ್ರನ್ನಿನ ತುದಿ ಬಾಯಿಗೆ ತುರುಕಿಕೊಂಡಳು. ನಾನು ಕೂಸಿನ ಬಾಯಿ ಮುಚ್ಕೊಂಡೇ ಇದ್ದೆ. ಆಮೇಲೆ ಇಲ್ಲಿಗೆ ಬಂದ್ವಿ, ಎಲ್ಲಾ ಸರಿಹೋಯ್ತು. ಕೆಲಸ, ಮನೆ, ಮಗಳ ಸ್ಕೂಲು. ಆದ್ರೆ ಆ ಕೂಗು ಒಳಗೇ ಕೂತಿತ್ತು ನೋಡು. ವಿನ್ಸ್ ಕರೆದ, ಎದ್ದು ಬಂತು."

ಅವರು ಡಬ್ಬಿಯ ಮುಚ್ಚಳ ಹಾಕಿದರು. "ಅವತ್ತು ನಾನು ಅತ್ತಿದ್ದು ಅದಕ್ಕಲ್ಲ ಕಣೋ. ಅಲ್ಲಿ ನಾವು ಕೂಗಿದ್ರೆ ಯಾರು ಬರ್ತಾರೋ ಅಂತ ಹೆದರಿಕೆ. ಇಲ್ಲಿ ಕೂಗಿದೆ, ಎಲ್ರೂ ಓಡಿ ಬಂದ್ರು. ಒಬ್ಬಳು ಸೌಟು ಹಿಡ್ಕೊಂಡು ಬಂದ್ಳು! ಸಾಂಬ್ರಾಣಿ ಹಚ್ಚಿ ದೇವರಿಗೆ ನೂರು ಸಲ ಥ್ಯಾಂಕ್ಸ್ ಹೇಳಿದೀನಿ, ಆ ಸೌಟಿಗೋಸ್ಕರ."

ಡಬ್ಬಿಯನ್ನು ಚೀಲಕ್ಕೆ ಹಾಕುತ್ತಾ ಹೇಳಿದರು, "ಈ ಹಾಲೋವೀನ್ ಕಂತಿನಲ್ಲಿ ನನಗೆ ಯಾವುದು ಇಷ್ಟ ಗೊತ್ತಾ? ಮುಂದಿನ ವಾರ ಎಲ್ರೂ ಇರ್ತಾರೆ. ಒಬ್ಬರೂ ಕಮ್ಮಿ ಆಗಿರಲ್ಲ."

ನನ್ನ ತಾಯಿ ತೀರಿಕೊಂಡ ವರ್ಷ ನಾನು ಮೂರನೇ ದಿನವೇ ಕೆಲಸಕ್ಕೆ ಬಂದೆ. ಮನೆಯಲ್ಲಿ ಇದ್ದು ಮಾಡುವುದೇನು ಎಂದುಕೊಂಡೆ. ಎಲ್ಲರೂ ಬೆನ್ನು ತಟ್ಟಿದರು, ನಾನೂ ಪರವಾಗಿಲ್ಲ ಎಂದೆ. ಮಧ್ಯಾಹ್ನ ಊಟದ ಹೊತ್ತಿಗೆ ಅರಕ್ಸಿ ಬಂದು ನನ್ನ ತೋಳು ಹಿಡಿದು ಎಬ್ಬಿಸಿದರು. ಮೈಕಿನ ಕೋಣೆಗೆ ಕರೆದುಕೊಂಡು ಹೋದರು. ಮೈಕನ್ನು ಗೋಡೆಯ ಕಡೆ ತಿರುಗಿಸಿ, ದೀಪ ಅರ್ಧ ಮಾಡಿ, "ನಾನು ಹೊರಗೆ ಇರ್ತೀನಿ. ಯಾರನ್ನೂ ಬಿಡಲ್ಲ," ಎಂದು ಹೇಳಿ ಬಾಗಿಲು ಹಾಕಿಕೊಂಡರು.

ನಾನು ಗಂಡಸು, ಅದೂ ಪಕೋಯ್ಮಾದ ಗಂಡಸು. ನನ್ನ ಅಪ್ಪ ತನ್ನ ಬೆರಳು ಯಂತ್ರಕ್ಕೆ ಸಿಕ್ಕಾಗಲೂ ಹಲ್ಲು ಕಚ್ಚಿಕೊಂಡು ನಿಂತವನು. ಮೊದಲು ಸುಮ್ಮನೆ ಕುಳಿತಿದ್ದೆ. ಆಮೇಲೆ ಏನಾಯಿತೋ, ನನಗೆ ನೆನಪಿರುವುದು ನನ್ನ ಹಣೆ ಗೋಡೆಯ ಮೆತ್ತೆಗೆ ಒತ್ತಿಕೊಂಡಿದ್ದದ್ದು ಮಾತ್ರ. ಹೊರಗೆ ಬಂದಾಗ ಅರಕ್ಸಿ ಬಾಗಿಲ ಎದುರು ಕುರ್ಚಿ ಹಾಕಿಕೊಂಡು ಕಿತ್ತಳೆ ಸುಲಿಯುತ್ತಿದ್ದರು. ಅರ್ಧ ನನ್ನ ಕೈಗಿಟ್ಟರು. ನಾನು ಆ ರಾತ್ರಿ ಸರಿಯಾಗಿ ನಿದ್ದೆ ಮಾಡಿದೆ.

ಅದು ಹೇಗೋ ಎಲ್ಲರಿಗೂ ತಿಳಿಯಿತು. ಗರ್ಭ ನಿಲ್ಲದೆ ಹೋದ ಚಿತ್ರಗಾರ್ತಿ, ಮಗ ಜೈಲಿಗೆ ಹೋದ ಕಾವಲುಗಾರ, ವಿಚ್ಛೇದನದ ದಿನ ಕೋರ್ಟಿನಿಂದ ನೇರ ಕೆಲಸಕ್ಕೆ ಬಂದ ಕೋರಿನ್, ಹೀಗೆ ಒಬ್ಬೊಬ್ಬರಾಗಿ ಊಟದ ಹೊತ್ತಿಗೆ ಬಂದು ಅರಕ್ಸಿಯ ಮೇಜಿನ ಪಕ್ಕ ನಿಲ್ಲುತ್ತಿದ್ದರು. ಅರಕ್ಸಿ ಮಾಡುತ್ತಿದ್ದ ಕೆಲಸ ಬಿಟ್ಟು ಎದ್ದು, ಕೈಗೊಂದು ಹಣ್ಣು ತೆಗೆದುಕೊಂಡು ಹೊರಡುತ್ತಿದ್ದರು. ನಾನು ಆ ಹೊತ್ತಿಗೆ ಯಾವ ಧ್ವನಿಮುದ್ರಣವನ್ನೂ ಇಟ್ಟುಕೊಳ್ಳುತ್ತಿರಲಿಲ್ಲ. ವಿನ್ಸ್ ಕಂಡೂ ಕಾಣದಂತಿರುತ್ತಿದ್ದ. ಒಂದು ದಿನ ಅವನೇ ಬಂದು ನಿಂತ. ಯಾಕೆಂದು ನಾವು ಕೇಳಲಿಲ್ಲ.

ಹೀಗಿರುವಾಗ ಒಂದು ಬೇಸಿಗೆಯಲ್ಲಿ ಅರಕ್ಸಿಯ ಕುತ್ತಿಗೆಯಲ್ಲಿ ಗಂಟು ಕಾಣಿಸಿಕೊಂಡಿತು. ಶಸ್ತ್ರಚಿಕಿತ್ಸೆ ಆಯಿತು. ಗಂಟು ದನಿಯ ನರವನ್ನು ಸುತ್ತಿಕೊಂಡಿತ್ತು, ಪ್ರಾಣ ಉಳಿಯಬೇಕಾದರೆ ಆ ನರವನ್ನು ಕತ್ತರಿಸಬೇಕಿತ್ತು. ವೈದ್ಯೆ ಅದನ್ನು ಮೊದಲೇ ಹೇಳಿದ್ದಳು. ಅರಕ್ಸಿ ಒಪ್ಪಿಕೊಂಡೇ ಮಲಗಿದ್ದರು. ನಾನು ಆಸ್ಪತ್ರೆಗೆ ಹೋದಾಗ ಹಗೋಪ್ ಮೊದಲ ಬಾರಿಗೆ ಮಾತಿಲ್ಲದೆ ಕುಳಿತಿದ್ದರು. ಅರಕ್ಸಿ ನನ್ನನ್ನು ಹತ್ತಿರ ಕರೆದು ಏನೋ ಹೇಳಿದರು. ದನಿಯಲ್ಲ, ಬರೀ ಗಾಳಿ. ಕಿವಿಯನ್ನು ಬಾಯಿಯ ಹತ್ತಿರ ತಂದೆ.

"ಬದುಕಿದೀನಲ್ಲ. ಮುಖ ಯಾಕೆ ಹಾಗೆ ಮಾಡ್ಕೊಂಡಿದೀಯ?"

ಫೆಬ್ರವರಿ ಹತ್ತಿರ ಬಂತು. ಹಳೆಯ ಕೂಗುಗಳೆಲ್ಲ ನನ್ನ ಬಳಿ ಭದ್ರವಾಗಿದ್ದವು. ಯಾವುದನ್ನಾದರೂ ಹಾಕಿದರೆ ನೋಡುವವರಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಅರಕ್ಸಿಯೂ ಕುತ್ತಿಗೆಗೆ ರೇಷ್ಮೆ ವಸ್ತ್ರ ಸುತ್ತಿಕೊಂಡು ಕೆಲಸಕ್ಕೆ ಮರಳಿದ್ದರು. "ಹಾಕು, ನನಗೇನೂ ಬೇಜಾರಿಲ್ಲ," ಎಂದು ಉಸಿರಿನಲ್ಲೇ ಹೇಳಿದರು.

ಬೇಜಾರಾಗಿದ್ದು ಕೋರಿನ್‌ಗೆ. ಅವಳೀಗ ಕಥೆಗಾರರ ತಂಡಕ್ಕೆ ಮುಖ್ಯಸ್ಥೆ. "ಸತ್ತವರ ದನಿ ಹಾಕೋ ಹಾಗೆ ಹಾಕ್ತೀವಾ? ಅವರು ಪಕ್ಕದ ಕೋಣೇಲಿ ಕೂತಿದಾರೆ," ಎಂದಳು. ಅವಳು ಬೇರೆ ಕಥೆ ಬರೆದಳು. ಡಾಟಿ ನೆಲಮಾಳಿಗೆಗೆ ಇಳಿಯುತ್ತಾಳೆ, ಬಾಯಿ ತೆರೆಯುತ್ತಾಳೆ, ಕೂಗು ಹೊರಡುವುದಿಲ್ಲ. ಅದನ್ನು ಕೆಳಗಿದ್ದ ಭೂತ ಕದ್ದು ಜಾಡಿಯಲ್ಲಿ ತುಂಬಿಟ್ಟುಕೊಂಡಿದೆ. ಡಾಟಿ ಮೇಲೆ ಬಂದು ಕೈಸನ್ನೆಯಿಂದ ಬೀದಿಯವರನ್ನೆಲ್ಲ ಕರೆಯುತ್ತಾಳೆ. ಅವಳ ಬಸ್ಸಿನಲ್ಲಿ ಶಾಲೆಗೆ ಹೋದ ಮಕ್ಕಳು, ದೊಡ್ಡವರಾದವರು, ಅವರ ಅಪ್ಪ ಅಮ್ಮಂದಿರು ಎಲ್ಲರೂ ಮೆಟ್ಟಿಲಿಳಿದು ಬಂದು ಅವಳ ಬದಲು ಕಿರುಚುತ್ತಾರೆ. ಜಾಡಿ ಒಡೆಯುತ್ತದೆ.

ನನಗೆ ದಿಗಿಲಾಯಿತು. "ಅವರ ಕಾಯಿಲೆನ ಇಟ್ಕೊಂಡು ನಗಿಸೋಕೆ ಹೊರಟಿದೀವಿ ಅಂತ ಆಗಲ್ವಾ?"

"ಅದನ್ನ ಅವರನ್ನೇ ಕೇಳೋಣ," ಎಂದು ಕೋರಿನ್ ನನ್ನನ್ನೂ ಎಳೆದುಕೊಂಡು ಗ್ಲೆಂಡೇಲಿಗೆ ಹೋದಳು. ಹಗೋಪ್ ಚಿಕ್ಕ ಬಟ್ಟಲುಗಳಲ್ಲಿ ಕಪ್ಪು ಕಾಫಿ ತಂದಿಟ್ಟರು. ಕೋರಿನ್ ಕಥೆಯನ್ನು ಪೂರ್ತಿ ಓದಿ ಹೇಳಿದಳು. ಕೊನೆಕೊನೆಗೆ ಅವಳ ದನಿಯೇ ಒಡೆಯಿತು. ಹಗೋಪ್ ಅಡಿಗೆಮನೆಗೆ ಎದ್ದು ಹೋಗಿ ನಲ್ಲಿ ಬಿಟ್ಟುಕೊಂಡರು. ಅರಕ್ಸಿ ಕಾಫಿ ಮುಗಿಸಿ, ಬಟ್ಟಲನ್ನು ಮಗುಚಿಟ್ಟು, ಕೋರಿನ್‌ಳನ್ನು ಹತ್ತಿರಕ್ಕೆ ಕರೆದರು.

"ಇದರಲ್ಲಿ ನಗು ಕಮ್ಮಿ, ಅಳು ಜಾಸ್ತಿ. ಜನ ಬೈತಾರೆ. ಸರಿ ಮಾಡು."

ಕೋರಿನ್ ಮೂಗು ಒರೆಸಿಕೊಂಡು ನಕ್ಕಳು. ಸರಿ ಮಾಡಿದಳು. ಬೀದಿಯವರೆಲ್ಲ ಮೊದಲು ಒಬ್ಬೊಬ್ಬರಾಗಿ ಕಿರುಚಲು ಹೋಗಿ ಸೋಲುವಂತೆ ಬರೆದಳು. ಭೂತ ಅವರನ್ನು ಹಂಗಿಸಿ ಉರುಳಾಡಿ ನಗುತ್ತದೆ. ಆಮೇಲೆಯೇ ನಿಜವಾದ ಕೂಗು.

ಸೋಲುವ ಕೂಗುಗಳಿಗೆ ನಮಗೆ ಯಾರ ಸಹಾಯವೂ ಬೇಕಾಗಿರಲಿಲ್ಲ. ಸಂಗೀತ ನುಡಿಸುವವರ ದೊಡ್ಡ ಸಭಾಂಗಣದಲ್ಲಿ ಇಡೀ ಸ್ಟುಡಿಯೋ ಸೇರಿತ್ತು. ಚಿತ್ರಕಾರರು, ಲೆಕ್ಕದವರು, ಕ್ಯಾಂಟೀನಿನವರು, ಕಸ ಗುಡಿಸುವವರು. ಒಬ್ಬೊಬ್ಬರೂ ಮೈಕಿನ ಮುಂದೆ ಬಂದು ಅಪ್ಪಟ ಕೆಟ್ಟದಾಗಿ ಕಿರುಚಿ ಚಪ್ಪಾಳೆ ಗಿಟ್ಟಿಸಿಕೊಂಡರು. ಕಷ್ಟವಾದದ್ದು ಎಲ್ಲರೂ ಒಟ್ಟಿಗೆ ಕೂಗಬೇಕಾದಾಗ. ಎಷ್ಟು ಸಲ ಮಾಡಿದರೂ ಆಟದ ಮೈದಾನದಲ್ಲಿ ಗೆದ್ದವರ ಗದ್ದಲದಂತೆ ಬರುತ್ತಿತ್ತು.

ಮುದುಕನಾಗಿದ್ದ ವಿನ್ಸ್ ಮೊದಲಿನಂತೆಯೇ ಹಣೆ ಬಡಿದುಕೊಂಡ. "ಹಬ್ಬಕ್ಕೆ ಬಂದಿದೀರೇನ್ರಪ್ಪಾ? ಹೆದರ್ಕೊಳ್ರೀ!"

ಅರಕ್ಸಿ ಮುಂದಿನ ಸಾಲಿನ ಕುರ್ಚಿಯಿಂದ ಎದ್ದು ನನ್ನ ಕಡೆ ಬಂದರು. ನಾನು ನನ್ನ ಮೈಕನ್ನು ಅವರ ತುಟಿಯ ಹತ್ತಿರ ಹಿಡಿದೆ. ಎಲ್ಲರ ಕಿವಿಗೂ ಅವರ ಉಸಿರು ಕೇಳಿಸಿತು.

"ನೀವು ಹೆದರ್ಕೋಬೇಡಿ. ಹೆದರಿದವರು ಕಿರುಚಲ್ಲ, ಬಾಯಿ ಮುಚ್ಕೊಂಡಿರ್ತಾರೆ. ಕೆಳಗೆ ಒಬ್ಬಳು ಕೂತಿದಾಳೆ, ಅವಳ ಮಡಿಲಲ್ಲಿ ಮಗು ಇದೆ. ಅವಳು ಕೂಗೋ ಹಾಗಿಲ್ಲ. ಅವಳ ಪರವಾಗಿ ನೀವು ಕೂಗಿ. ಯಾರಾದ್ರೂ ಓಡಿ ಬರ್ತಾರೆ ಅಂತ ನಂಬಿ ಕೂಗಿ."

ನೈರಿ ಅಂದು ರಜೆ ಹಾಕಿ ತಾಯಿಯನ್ನು ಕರೆತಂದಿದ್ದಳು. ಅವಳೂ ಜನರ ನಡುವೆ ನಿಂತಿದ್ದಳು. ಅವಳು ಬಾಯಿಗೆ ಕೈ ಅಡ್ಡ ಹಿಡಿದದ್ದನ್ನೂ, ಮತ್ತೆ ತೆಗೆದದ್ದನ್ನೂ ನೋಡಿದೆ.

ಅರಕ್ಸಿ ಬಲಗೈ ಎತ್ತಿದರು.

ಆ ಕೂಗನ್ನು ನಾನು ವರ್ಣಿಸುವುದಿಲ್ಲ. ಅದು ಆ ವರ್ಷದ ಕಂತಿನಲ್ಲಿ ಇದೆ, ನೋಡಿದವರು ಕೇಳಿದ್ದಾರೆ. ಮೈಕಿನ ಕೋಣೆಗೆ ಊಟದ ಹೊತ್ತಿನಲ್ಲಿ ಒಬ್ಬೊಬ್ಬರೇ ಹೋಗಿ ಬಂದವರೆಲ್ಲ ಅಲ್ಲಿ ಒಟ್ಟಿಗೆ ನಿಂತಿದ್ದರು ಎಂಬುದಷ್ಟೇ ನಿಮಗೆ ಗೊತ್ತಿರಲಿ. ಅರಕ್ಸಿಯ ಕೈ ಮೇಲಿರುವಷ್ಟು ಹೊತ್ತೂ ಅದು ನಿಲ್ಲಲಿಲ್ಲ. ಅವರು ಕೈ ಇಳಿಸಿದಾಗ ಕೆಲವರು ಅಳುತ್ತಿದ್ದರು. ಪಕ್ಕದಲ್ಲಿದ್ದವರ ಭುಜ ಹಿಡಿದುಕೊಂಡವರು ಬಿಟ್ಟಿರಲಿಲ್ಲ.

ಅರಕ್ಸಿ ಮತ್ತೆ ಮೈಕಿನ ಹತ್ತಿರ ಬಾಗಿದರು. "ಚೆನ್ನಾಗಿತ್ತು. ಆದ್ರೆ ಹಿಂದಿನ ಸಾಲಲ್ಲಿ ಯಾರೋ ಕೆಮ್ಮಿದ್ರು. ಇನ್ನೊಂದ್ಸಲ."

ಇಡೀ ಸಭಾಂಗಣ ಹೋ ಎಂದು ನಕ್ಕಿತು. ವಿನ್ಸ್ ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡಿದ್ದ, ನಗುತ್ತಿದ್ದನೋ ಅಳುತ್ತಿದ್ದನೋ ತಿಳಿಯಲಿಲ್ಲ.

ಆ ಅಕ್ಟೋಬರಿನಲ್ಲಿ ಒಣಗಾಳಿ ಬೀಸಿ ಊರೆಲ್ಲ ಕಾದಿತ್ತು. ಕೊರೆದಿಟ್ಟ ಕುಂಬಳಕಾಯಿಗಳು ಜಗಲಿಗಳ ಮೇಲೆ ಎರಡೇ ದಿನಕ್ಕೆ ಕುಸಿದು ಮುದುಕರ ಮುಖದಂತಾಗಿದ್ದವು. ತೆರ್ಜ್ಯಾನ್ ಮನೆಯಲ್ಲಿ ನಾವೆಲ್ಲ ಸೇರಿ ಕಂತು ನೋಡಿದೆವು. ಅಂದು ಹಗೋಪ್ ಹೆಂಡತಿಯ ಕೈಯನ್ನು ತನ್ನ ಎರಡು ಕೈಗಳ ನಡುವೆ ಇಟ್ಟುಕೊಂಡು ಕೂತಿದ್ದರು. ಕಂತು ಮುಗಿದ ಮೇಲೆ ಅರಕ್ಸಿ ಹೇಳಿದ್ದು ಇಷ್ಟೇ: "ಜಾಡಿ ಬಣ್ಣ ಇನ್ನೂ ಸ್ವಲ್ಪ ಗಾಢ ಇರಬೇಕಿತ್ತು."

ಮುಂದೆ ಚಿಕಿತ್ಸೆಯಿಂದ ಅವರ ದನಿ ಒಂದಷ್ಟು ಮರಳಿತು. ಮರಕ್ಕೆ ಮರಳು ಕಾಗದ ಉಜ್ಜಿದಂಥ ದನಿ. ಕಿರುಚುವುದಕ್ಕೆ ಅದು ಆಗದು, ಬೈಯುವುದಕ್ಕೆ ಸಾಕು. ಇನ್ನೂ ಹಲವು ವರ್ಷ ಬಣ್ಣದ ವಿಭಾಗದಲ್ಲಿದ್ದು ನಿವೃತ್ತರಾದರು. ಮೈಕಿನ ಕೋಣೆ ಈಗಲೂ ಊಟದ ಹೊತ್ತಿಗೆ ಖಾಲಿ ಇರುತ್ತದೆ. ಬಾಗಿಲ ಹೊರಗಿನ ಕುರ್ಚಿಯಲ್ಲಿ ಒಮ್ಮೊಮ್ಮೆ ನಾನು ಕೂರುತ್ತೇನೆ, ಒಮ್ಮೊಮ್ಮೆ ಕೋರಿನ್. ಹಣ್ಣು ಸುಲಿಯುವುದನ್ನು ಇಬ್ಬರೂ ಕಲಿತಿದ್ದೇವೆ. ನನ್ನ ಬದುಕಿನಲ್ಲಿ ನಾನು ಋಣಿಯಾಗಿರುವವರನ್ನು ನೆನೆಯಲು ಕೂತರೆ ನನ್ನ ತಾಯಿಯಾದ ಮೇಲೆ ಬರುವ ಹೆಸರು ಅರಕ್ಸಿಯದು. ಇದನ್ನು ಅವರಿಗೆ ಹೇಳಿದ್ದೇನೆ. "ನಿನ್ನ ತಾಯಿಯ ತಮಾಲೆ ನಾನು ಬೇಕಾದಷ್ಟು ತಿಂದಿದೀನಿ, ಲೆಕ್ಕ ಚುಕ್ತಾ," ಎಂದುಬಿಟ್ಟರು.

ಡಾಟಿಯ ಕೂಗಿಗೆ ನಾವು ಮತ್ತೆ ಯಾರನ್ನೂ ಹುಡುಕಲಿಲ್ಲ. ಪ್ರತಿ ಫೆಬ್ರವರಿಯಲ್ಲಿ ಇಡೀ ಸ್ಟುಡಿಯೋ ಸಭಾಂಗಣದಲ್ಲಿ ಸೇರುತ್ತದೆ. ನಿವೃತ್ತರಾದವರೂ ಬರುತ್ತಾರೆ. ಕೆಲವರು ಬೇರೆ ಊರಿನಿಂದ ಕಾರು ಓಡಿಸಿಕೊಂಡು ಬರುತ್ತಾರೆ. ಅರಕ್ಸಿಯನ್ನು ನೈರಿ ಕರೆತರುತ್ತಾಳೆ. ಅವರು ಕುರ್ಚಿಯಲ್ಲಿ ಕುಳಿತೇ ಕೈ ಎತ್ತುತ್ತಾರೆ.

ಕೆಲಸ ಮುಗಿದ ಮೇಲೆ ಹಗೋಪ್ ಗ್ಲೆಂಡೇಲಿನ ಬೇಕರಿಯಿಂದ ತಂದ ಲಹ್ಮಜೂನಿನ ಪೆಟ್ಟಿಗೆಗಳನ್ನು ಬಿಚ್ಚುತ್ತಾರೆ. ತೆಳ್ಳನೆಯ ರೊಟ್ಟಿ, ಮೇಲೆ ಹರಡಿದ ಖಾರದ ಮಾಂಸ, ಇನ್ನೂ ಬಿಸಿ. ಈ ವರ್ಷವೂ ಹಾಗೆಯೇ ಉದ್ದನೆಯ ಮೇಜಿನ ಸುತ್ತ ನಿಂತಿದ್ದೆವು. ಯಾರ ಗಂಟಲಿನಲ್ಲೂ ದನಿ ಉಳಿದಿರಲಿಲ್ಲ. ವಿನ್ಸ್ ಏನೋ ಕೇಳಲು ಹೋಗಿ ಬರೀ ಗಾಳಿ ಬಿಟ್ಟ. ಕೋರಿನ್ ಕೈಸನ್ನೆ ಮಾಡಿದಳು, ನಾನು ತಲೆಯಾಡಿಸಿದೆ. ಅಷ್ಟು ಜನರಲ್ಲಿ ಮಾತಾಡುತ್ತಿದ್ದವರು ಅರಕ್ಸಿ ಒಬ್ಬರೇ.

"ಏನ್ರೋ, ಒಬ್ಬರಿಗೂ ಬಾಯಿ ಇಲ್ವಾ?" ಎಂದು ಆ ಒರಟು ದನಿಯಲ್ಲಿ ನಗುತ್ತಾ, ಮೇಜಿನುದ್ದಕ್ಕೂ ಒಬ್ಬೊಬ್ಬರ ರೊಟ್ಟಿಯ ಮೇಲೂ ನಿಂಬೆಹಣ್ಣು ಹಿಂಡುತ್ತಾ ಹೋದರು. "ತಿನ್ನಿ, ತಿನ್ನಿ. ಆರಿಹೋಗತ್ತೆ."